ಪೆಡಲಿನ ಮೇಲಿನ ಕಾಲು

ಹದಿನೆಂಟು ವರ್ಷ ವಿಶಾಲಾಕ್ಷಿಯ ಮ್ಯಾಂಡೊಲಿನ್ನಿನ ದನಿ ಅವಳ ಗಂಡನ ಎಡಗಾಲಿನ ಕೆಳಗಿತ್ತು.

ಅದು ಕರೆಂಟಿನ ಮ್ಯಾಂಡೊಲಿನ್. ಒಳಗೆ ಟೊಳ್ಳಿಲ್ಲದ ಗಟ್ಟಿ ಮರ. ಆಂಪ್ಲಿಫೈಯರಿಗೆ ಸಿಕ್ಕಿಸದೆ ನುಡಿಸಿದರೆ ಪಕ್ಕದಲ್ಲಿ ಕೂತವರಿಗೂ ಟಿಣ್ ಟಿಣ್ ಎಂಬ ಬಡಕಲು ಸದ್ದಷ್ಟೇ ಕೇಳುವುದು. ಮ್ಯಾಂಡೊಲಿನ್ನಿಗೂ ಆಂಪ್ಲಿಫೈಯರಿಗೂ ನಡುವೆ ಒಂದು ವಾಲ್ಯೂಮ್ ಪೆಡಲು. ಚಪ್ಪಲಿಯಷ್ಟು ಉದ್ದದ ಕಬ್ಬಿಣದ ಹಲಗೆ. ಬೆರಳಿನ ಕಡೆ ಒತ್ತಿದರೆ ದನಿ ಏರುತ್ತದೆ, ಹಿಮ್ಮಡಿಯ ಕಡೆ ಒತ್ತಿದರೆ ಇಳಿದು ಇಲ್ಲವಾಗುತ್ತದೆ. ನುಡಿಸುವವರ ಕಾಲಿನ ಕೆಳಗೇ ಇರಬೇಕಾದ ವಸ್ತು. ಆದರೆ ಅದು ಮನೆಗೆ ಬಂದ ವರ್ಷ ಅತ್ತೆ ಆಯುಧಪೂಜೆಯ ದಿನ ಕೀಬೋರ್ಡು, ಮ್ಯಾಂಡೊಲಿನ್ನುಗಳ ಜೊತೆಗೆ ಪೆಡಲಿಗೂ ಕುಂಕುಮವಿಟ್ಟು ಹೂವೇರಿಸಿದರು. ಪೂಜೆ ಮಾಡಿದ ವಾದ್ಯದ ಮೇಲೆ ಮನೆಯ ಸೊಸೆ ಕಾಲಿಡುವುದುಂಟೇ ಎಂದರು. ಅಕಸ್ಮಾತ್ ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ಅದು. ವಿಶಾಲಾಕ್ಷಿ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವವಳು.

"ನಂಗೆ ಹೇಗೂ ಸಾಕ್ಸ್ ಇರ್ತದೆ. ನಾನೇ ನೋಡ್ಕೊಳ್ತೀನಿ ಬಿಡು" ಎಂದು ರೇಣುಕಪ್ರಸಾದ್ ಆ ಪೆಡಲನ್ನು ತನ್ನ ಕೀಬೋರ್ಡಿನ ಕೆಳಗೆ ಎಳೆದುಕೊಂಡ. ಆರ್ಕೆಸ್ಟ್ರಾ ಅವನದು, ಮದುವೆ, ರಿಸೆಪ್ಷನ್ನುಗಳ ಮಾತುಕತೆ ಅವನದು. ಇದೊಂದು ಸೇರಿದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ರೇಣುಕಪ್ರಸಾದ್ ಕೈಯೆತ್ತಿದವನಲ್ಲ, ಬೈದವನೂ ಅಲ್ಲ. ಮೂಡಿಗೆರೆಯಲ್ಲಿ ಅವನಷ್ಟು ಮೆತ್ತನೆಯ ಮಾತಿನ ಗಂಡಸಿಲ್ಲ ಎಂದು ಅಕ್ಕಪಕ್ಕದ ಹೆಂಗಸರೇ ಹೇಳುತ್ತಿದ್ದರು. ಒಮ್ಮೆ ಕಳಸದ ಮದುವೆಯೊಂದಕ್ಕೆ ಹೋಗುವಾಗ ವ್ಯಾನಿನಲ್ಲಿ ಹಾಡುಗಾರರು ಯಾವುದೋ ಹಾಡಿನ ರಾಗ ಕೇಳಿದರು. ಅವನು ಹಿಂದೋಳ ಎಂದ. "ಹಿಂದೋಳ ಅಲ್ಲ ರೀ, ಶುದ್ಧ ಧನ್ಯಾಸಿ" ಎಂದಳು ವಿಶಾಲಾಕ್ಷಿ. ಅವನು ಹೌದೌದು ಎಂದು ತಲೆಯಾಡಿಸಿ ಕಿಟಕಿಯಾಚೆ ನೋಡಿದ. ಆ ಸಂಜೆ ಮೂರನೆಯ ಹಾಡಿನ ನಡುವೆ ಅವಳ ಸರದಿ ಬಂತು. ತಂತಿ ಮೀಟಿದಳು, ಏನೂ ಕೇಳಲಿಲ್ಲ. ಗಂಡನ ಕಡೆ ನೋಡಿದಳು. ಅವನು ಕೀಬೋರ್ಡನ್ನೇ ನೋಡುತ್ತ ಅವಳ ಭಾಗವನ್ನು ತಾನೇ ನುಡಿಸುತ್ತಿದ್ದ. ಎದುರಿಗೆ ವಿಡಿಯೋದವನು ಕ್ಯಾಮೆರಾ ಹಿಡಿದು ನಿಂತಿದ್ದ. ಬೆರಳು ನಿಲ್ಲಿಸುವಂತಿರಲಿಲ್ಲ. ಆ ಮದುವೆಯ ವಿಡಿಯೋದಲ್ಲಿ ಅವಳು ನಗುತ್ತ ನುಡಿಸುತ್ತಿರುವುದು ಇಂದಿಗೂ ಇದೆ, ಕೇಳುವುದು ಕೀಬೋರ್ಡು.

"ಕೇಬಲ್ ಲೂಸ್ ಆಗಿತ್ತು ಅಂತ ಕಾಣ್ತದೆ" ಎಂದ ಮನೆಗೆ ಬಂದ ಮೇಲೆ.

ಕೇಬಲ್ ಆಮೇಲೆಯೂ ಆಗಾಗ ಲೂಸ್ ಆಯಿತು. ತವರಿನಿಂದ ಒಂದು ದಿನ ತಡವಾಗಿ ಬಂದಾಗ, ಅವನ ತಂಗಿಯ ಎದುರು ಮಾತಿಗೆ ಮಾತು ಬೆಳೆದಾಗ. ಬೆಳಗಿನ ಕಾಫಿಯ ಹೊತ್ತಿಗೇ ಸಂಜೆಯ ವಾಲ್ಯೂಮ್ ಎಷ್ಟಿರುತ್ತದೆಂದು ಹೇಳುವಷ್ಟು ಅವಳು ಪಳಗಿದಳು. ಅತ್ತೆ ತೀರಿಕೊಂಡು ಆರು ವರ್ಷವಾದರೂ ಪೆಡಲು ಜಾಗ ಬದಲಿಸಲಿಲ್ಲ. ಅವಳೂ ಕೇಳಲಿಲ್ಲ.

ಈ ಜನವರಿಯಲ್ಲಿ ಅದು ಕರಕರ ಎನ್ನತೊಡಗಿತು. ಅದೇ ವಾರ ಅತ್ತಿಗುಂಡಿ ಕಡೆಯ ಎಸ್ಟೇಟಿನ ದೇವರಾಜ ಗೌಡರ ಫೋನ್ ಬಂತು. ತೋಟಕ್ಕೆ ನೂರು ವರ್ಷ ತುಂಬುತ್ತದೆ, ಫೆಬ್ರವರಿ ಕೊನೆಗೆ ಒಂದು ಕಾರ್ಯಕ್ರಮ. ಗೌಡರ ಹೆಂಡತಿ ಯಾವುದೋ ಮದುವೆಯಲ್ಲಿ ವಿಶಾಲಾಕ್ಷಿಯ ಮ್ಯಾಂಡೊಲಿನ್ ಕೇಳಿದ್ದರಂತೆ; ಅರ್ಧ ಗಂಟೆ ಬರೀ ಅದೇ ಇರಲಿ ಎಂದಿದ್ದರಂತೆ. ಪ್ಲಾಂಟರುಗಳಿಗೆ ಇಲ್ಲ ಎನ್ನುವ ಅಭ್ಯಾಸ ರೇಣುಕಪ್ರಸಾದನಿಗೆ ಇರಲಿಲ್ಲ. ಒಪ್ಪಿಕೊಂಡ.

ವಿಶಾಲಾಕ್ಷಿಗೆ ನಲವತ್ತಾರು. ಹದಿನೈದನೇ ವಯಸ್ಸಿನಿಂದ ನುಡಿಸುತ್ತಿದ್ದಾಳೆ. ಹಾಡು ಹಾಡಿನ ನಡುವಿನ ಸಂದಿಗಳಲ್ಲಲ್ಲದೆ, ಒಟ್ಟಿಗೆ ಅರ್ಧ ಗಂಟೆ ಅವಳಿಗೆಂದೇ ಯಾರೂ ಕೊಟ್ಟಿರಲಿಲ್ಲ. ಆ ಅರ್ಧ ಗಂಟೆಯ ಏರಿಳಿತ ತನ್ನ ಕಾಲಿನಲ್ಲೇ ಇರಬೇಕೆಂದು ಅವಳಿಗೆ ಆಸೆ ಹುಟ್ಟಿತು. ಮೂರು ದಿನ ಅದನ್ನು ಬಾಯೊಳಗೇ ಇಟ್ಟುಕೊಂಡಿದ್ದು, ನಾಲ್ಕನೆಯ ದಿನ ಕಡುಬು ಬಡಿಸುವಾಗ ಹೇಳಿದಳು.

"ಅವತ್ತೊಂದು ದಿನ ಪೆಡಲ್ ನಾನೇ ನೋಡ್ಕೊಳ್ತೀನಿ."

ಅವನು ಚಟ್ನಿ ಹಾಕಿಸಿಕೊಂಡ. "ಹೇಗೂ ಹೊಸದು ತರ್ಬೇಕಲ್ಲ, ಚಿಕ್ಕಮಗಳೂರಿಗೆ ಹೋದಾಗ ನೋಡಣ" ಎಂದ. ಎರಡು ತುತ್ತು ತಿಂದು, "ರಕ್ಷಾನೂ ಬರ್ಲಿ. ಅವಳಿಗೆ ವಾ ಬೇಕಂತೆ. ನಿಂದಾದ್ಮೇಲೆ ಅವಳದ್ದು ಒಂದೆರಡು ಹಾಡು ಇಡಣ. ಜನ ಎದ್ದು ಹೋಗ್ಬಾರ್ದಲ್ಲ" ಎಂದ.

ರಕ್ಷಾ ಗೋಣಿಬೀಡಿನ ಹುಡುಗಿ. ಇಪ್ಪತ್ತು ವರ್ಷ. ನಾಲ್ಕು ವರ್ಷದಿಂದ ಭಾನುವಾರಗಳಂದು ಬಸ್ಸಿನಲ್ಲಿ ಬಂದು ವಿಶಾಲಾಕ್ಷಿಯ ಹತ್ತಿರ ಕಲಿಯುತ್ತಿದ್ದಳು. ಅವಳ ಕೈಯಲ್ಲಿರುವುದು ವಿಶಾಲಾಕ್ಷಿಯೇ ಕೊಟ್ಟ ಹಳೆಯ ಮ್ಯಾಂಡೊಲಿನ್. ಬೇಗ ಕಲಿಯುವ, ಕಲಿತದ್ದನ್ನು ನಿಂತು ತೂಗಾಡುತ್ತ ನುಡಿಸುವ ಹುಡುಗಿ. ವಾ ಎಂದರೆ ಇನ್ನೊಂದು ಬಗೆಯ ಪೆಡಲು. ಒತ್ತಿ ಬಿಟ್ಟರೆ ಸ್ವರ ಬಾಯಿ ತೆರೆದು ಮುಚ್ಚಿದಂತೆ ಆಗಿ ಮಗು ಅತ್ತಂತೆ ಕೇಳುತ್ತದೆ. ಅವಳಿಗೆ ಅದರ ಹುಚ್ಚು ಹಿಡಿದು ಆರು ತಿಂಗಳಾಗಿತ್ತು.

ಮ್ಯಾಂಡೊಲಿನ್ನುಗಳನ್ನೂ ಹಳೆಯ ಪೆಡಲನ್ನೂ ಹಾಕಿಕೊಂಡು ಮೂವರೂ ಓಮ್ನಿ ವ್ಯಾನಿನಲ್ಲಿ ಚಿಕ್ಕಮಗಳೂರಿಗೆ ಹೋದರು. ಆಂಪ್ಲಿಫೈಯರ್ ರಿಪೇರಿ ಮಾಡುವ ನಸರುಲ್ಲಾನ ಅಂಗಡಿಯಲ್ಲಿ ಹೊಸತು, ಹಳತು ಎಲ್ಲ ಬಗೆಯ ಪೆಡಲುಗಳಿದ್ದವು.

"ಕಾಲು ಯಾರ್ದು?" ನಸರುಲ್ಲಾ ಮೊದಲು ಕೇಳಿದ್ದು ಅದನ್ನೇ.

"ಕಾಲು ಎಂತಕ್ಕೆ ಮಾರಾಯ, ಪೆಡಲ್ ತೋರ್ಸು" ಎಂದ ರೇಣುಕಪ್ರಸಾದ್.

"ಶೂ ಹಾಕಿದ ಕಾಲಿಗೆ ಬೇರೆ, ಬರಿಗಾಲಿಗೆ ಬೇರೆ ಪ್ರಸಾದಣ್ಣ. ಅದ್ಕೇ ಕೇಳ್ದೆ."

"ವಾಲ್ಯೂಮಿಗೆ ನಂದೇ ಕಾಲು."

"ಕೀಬೋರ್ಡಿಗಾ?"

"ಅಲ್ಲ. ಇವಳ ಮ್ಯಾಂಡೊಲಿನ್ನಿಗೆ."

ನಸರುಲ್ಲಾ ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ಅವನನ್ನೂ ಒಮ್ಮೆ ವಿಶಾಲಾಕ್ಷಿಯನ್ನೂ ನೋಡಿದ. "ಊಟ ಅಕ್ಕೋರ್ದು, ಜಗಿಯೋದು ನೀವಾ?"

ರಕ್ಷಾ ಕಿಸಕ್ಕನೆ ನಕ್ಕಳು. ರೇಣುಕಪ್ರಸಾದನೂ ನಕ್ಕ. ಬೇರೆಯವರ ಅಂಗಡಿಯಲ್ಲಿ ಅವನು ಎಲ್ಲದಕ್ಕೂ ನಗುತ್ತಿದ್ದ.

ನಸರುಲ್ಲಾ ಹಳೆಯ ಪೆಡಲಿನ ತಳದ ತಗಡು ಬಿಚ್ಚಿ ಇಣುಕಿದ. "ಇದು ಕೀಬೋರ್ಡಿಗೆ ಅಂತ ಮಾಡಿದ್ದಲ್ವಾ. ಇದ್ರೊಳಗೆ ಮ್ಯಾಂಡೊಲಿನ್ ಹೋದ್ರೆ ಮೇಲಿನ ತಂತಿ ಕಂಬಳಿ ಹೊದ್ಕೊಂಡು ಮಾತಾಡ್ದಂಗೆ ಕೇಳ್ತದೆ. ಎಷ್ಟು ದಿನದಿಂದ ಹಾಕಿದೀರಿ?"

"ಹದಿನೆಂಟು ವರ್ಷ" ಎಂದಳು ವಿಶಾಲಾಕ್ಷಿ.

"ಯಾರಿಗೂ ಗೊತ್ತಾಗ್ಲಿಲ್ವಾ?"

ಅವಳಿಗೆ ಗೊತ್ತಾಗಿತ್ತು, ಬೆರಳುಗಳದ್ದೇ ತಪ್ಪು ಎಂದುಕೊಂಡಿದ್ದಳು. ನಿನ್ನ ಕೈಯಲ್ಲಿ ಹೊಳಪಿಲ್ಲ ವಿಶಾಲು, ಅದು ಹುಟ್ಟಿನಿಂದ ಬರಬೇಕು ಎಂದು ಅವನು ಬಹಳ ಸಲ ಹೇಳಿದ್ದ, ಬೇಸರದಿಂದಲ್ಲ, ಕನಿಕರದಿಂದ. ಆ ಹೊಳಪಿಗಾಗಿ ಅವಳು ತಂತಿ ಬದಲಿಸಿದ್ದಳು, ಬೆರಳ ತುದಿ ಸುಲಿಯುವಷ್ಟು ಸಾಧನೆ ಮಾಡಿದ್ದಳು. ಈಗ ಗಂಡನ ಮುಖ ನೋಡಿದಳು. ಅವನು ಅಂಗಡಿಯ ಟ್ಯೂಬ್‌ಲೈಟನ್ನು ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಆ ಮುಖದಿಂದ ತಿಳಿಯುವಂತಿರಲಿಲ್ಲ.

ರಕ್ಷಾಳ ಮುಂದೆ ನಸರುಲ್ಲಾ ಎರಡು ವಾ ಪೆಡಲುಗಳನ್ನಿಟ್ಟ. ಮೊದಲನೆಯದನ್ನು ಬೆರಳಿನ ಕಡೆ ಬಲವಾಗಿ ಒದ್ದರೆ ಮಾತ್ರ ಸ್ವಿಚ್ ಟಕ್ಕೆಂದು ಆನ್ ಆಗುತ್ತದೆ. "ಇದು ಬೂಟು ಹಾಕೋ ಗಿಟಾರಿನೋರಿಗೆ. ನಿಮ್ಮ ಬರಿಗಾಲಿಗೆ ನೋವಾಗ್ತದೆ" ಎಂದ. ಎರಡನೆಯದಕ್ಕೆ ಸ್ವಿಚ್ಚಿಲ್ಲ, ಕಾಲಿಟ್ಟರೆ ಆನ್, ತೆಗೆದರೆ ಆಫ್. ರಕ್ಷಾ ಚಪ್ಪಲಿ ಬಿಟ್ಟು ಬಗ್ಗಿ, ಎರಡನೆಯದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮರುಕ್ಷಣ ಗೆಜ್ಜೆಯ ಕಾಲನ್ನು ಅದರ ಮೇಲಿಟ್ಟು ತಂತಿ ಮೀಟಿದಳು. ವಾವ್ ವಾವ್ ಎಂದು ಅದು ಅತ್ತಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಒಳಗೆ ನೋಡಿದರು.

"ನಮಸ್ಕಾರ ಮಾಡಿ ಆಮೇಲೆ ತುಳಿಯೋದಾ?" ಎಂದ ರೇಣುಕಪ್ರಸಾದ್.

"ತುಳಿಯೋ ಮೊದಲೇ 'ಸಾರಿ' ಕೇಳ್ಬಿಟ್ರೆ ಆಯ್ತಲ್ಲ ಸರ್."

ಎಲ್ಲರೂ ನಕ್ಕರು. ವಿಶಾಲಾಕ್ಷಿಯೂ ನಕ್ಕಳು. ಮುಟ್ಟಿ, ಕಣ್ಣಿಗೊತ್ತಿಕೊಂಡು, ಕಾಲಿಡಲು ಎಷ್ಟು ಹೊತ್ತು ಹಿಡಿಯಿತು? ಅರ್ಧ ನಿಮಿಷವೂ ಇಲ್ಲ. ತನ್ನ ಹದಿನೆಂಟು ವರ್ಷ ಇಷ್ಟು ಸಣ್ಣ ಕೆಲಸದಲ್ಲಿ ಮುಗಿಯಬಹುದಿತ್ತೆಂದು ಈ ಹುಡುಗಿ ಎಲ್ಲರ ಎದುರು ತೋರಿಸಿಬಿಟ್ಟಿದ್ದಳು. ಎದ್ದ ಸಿಟ್ಟು ಪಕ್ಕದಲ್ಲಿ ನಿಂತ ಗಂಡಸಿನ ಕಡೆ ಹೋಗಬೇಕಿತ್ತು. ಅದು ಆ ಗೆಜ್ಜೆಯ ಕಾಲಿನ ಕಡೆ ಹೋಯಿತು. ಹೋಗುವುದು ಅವಳಿಗೆ ಗೊತ್ತಾಯಿತು; ತಡೆಯಲಿಲ್ಲ.

"ಕೇಬಲ್ ಹಾಕುವಾಗ ಮೊದಲು ವಾ, ಆಮೇಲೆ ವಾಲ್ಯೂಮ್, ಆಮೇಲೆ ಆಂಪ್ಲಿಫೈಯರ್" ಎಂದು ನಸರುಲ್ಲಾ ರಕ್ಷಾಳಿಗೆ ಹೇಳಿಕೊಡುತ್ತಿದ್ದ. "ವಾ ಎಷ್ಟು ಬೇಕಾದ್ರೂ ಕೂಗ್ಲಿ, ಕೊನೇ ಮಾತು ವಾಲ್ಯೂಮಿಂದು."

ವಿಶಾಲಾಕ್ಷಿ ಸ್ಟೂಲಿನ ಮೇಲೆ ಕೂತಳು. ನಸರುಲ್ಲಾ ತೆಗೆದಿಟ್ಟ ಮೂರು ವಾಲ್ಯೂಮ್ ಪೆಡಲುಗಳಲ್ಲಿ ಎರಡು ಬಿಗಿಯಾಗಿದ್ದವು. ಮೂರನೆಯದು ಬರಿಗಾಲಿನ ಭಾರಕ್ಕೇ ಬಾಗುತ್ತಿತ್ತು. ಸೀರೆಯ ಅಂಚನ್ನು ಬೆರಳಷ್ಟು ಎತ್ತಿ ಎಡಗಾಲಿಟ್ಟಳು. ತಣ್ಣಗಿತ್ತು. ಹಿಮ್ಮಡಿ ಒತ್ತಿಕೊಂಡೇ ಮೇಲಿನ ತಂತಿ ಮೀಟಿ, ಮೆಲ್ಲಗೆ ಬೆರಳಿಗೆ ಭಾರ ಬಿಟ್ಟಳು. ಮೀಟಿದ ಪೆಟ್ಟು ಕೇಳಿಸದೆ ಸ್ವರವೊಂದೇ ಎದ್ದು ಬಂತು. ತಿಳಿಯಾದ, ಹೊಳೆಯುವ ಸ್ವರ. ಅದನ್ನು ಬೇಕಾದಷ್ಟು ಬೆಳೆಸಿ, ಬೇಕೆನಿಸಿದಲ್ಲಿ ಇಳಿಸಿದಳು.

"ಇದೇ ಇರ್ಲಿ" ಎಂದಳು.

"ಅಮ್ಮ ಇದ್ದಿದ್ರೆ..." ಎಂದ ರೇಣುಕಪ್ರಸಾದ್.

"ಅತ್ತೆ ಹೋಗಿ ಆರು ವರ್ಷ ಆಯ್ತಲ್ಲ."

ನಸರುಲ್ಲಾ ಬಗ್ಗಿ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ. ರೇಣುಕಪ್ರಸಾದ್ ಪರ್ಸು ತೆಗೆದು, "ಎರಡೂ ಪ್ಯಾಕ್ ಮಾಡು" ಎಂದ. "ಹಳೇದನ್ನೂ ಕ್ಲೀನ್ ಮಾಡಿ ಕೊಡು, ಬೇಕಾಗ್ತದೆ."

ರಕ್ಷಾ ಮೂಡಿಗೆರೆಯಲ್ಲಿ ಇಳಿದು ಗೋಣಿಬೀಡಿನ ಬಸ್ಸು ಹತ್ತಿದಳು. ಮನೆಯಲ್ಲಿ ರೇಣುಕಪ್ರಸಾದ್ ಹಳೆಯ ಪೆಡಲನ್ನೂ ಹೊಸದನ್ನೂ ಊಟದ ಮೇಜಿನ ಮೇಲೆ ಜೊತೆಯಾಗಿ ಇಟ್ಟ.

"ಆಯ್ತು, ನಿಂದು ನೀನು ತುಳ್ಕೊ. ಆದ್ರೆ ರಕ್ಷಾಂದು ಯಾರಾದ್ರೂ ಹಿಡೀಬೇಕಲ್ಲ. ಹುಡುಗಿ, ಎಷ್ಟು ಜೋರು ಅಂತ ಅದಕ್ಕೆ ತಿಳಿಯೂದಿಲ್ಲ. ಹಳೇದನ್ನ ಅವಳ ಲೈನಿಗೆ ಹಾಕಣ. ಕುರ್ಚಿ ಮೇಲೆ ಕೂತ್ರೆ ನಿಂಗೆ ಬಲಗಾಲು ಖಾಲಿ ಇರ್ತದೆ."

"ಅವಳದ್ದು ಅವಳೇ ನೋಡ್ಕೊಳ್ಲಿ."

"ಹಂಗಾದ್ರೆ ನಾನು ನೋಡ್ಕೊಳ್ತೀನಿ. ನಿಂದೂ ಸೇರ್ಸಿ." ದನಿ ಎಂದಿನಂತೆ ಮೆತ್ತಗೇ ಇತ್ತು. "ಎರಡೂ ನಿನ್ನ ಕಾಲಿಗೆ ಇರ್ಲಿ, ಇಲ್ಲ ಎರಡೂ ನನ್ನ ಕಾಲಿಗೆ ಇರ್ಲಿ. ಯೋಚ್ನೆ ಮಾಡು."

ಯೋಚನೆ ಮಾಡಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಇವನ ಕಾಲಿಗಿಂತ ತನ್ನ ಕಾಲಿನ ಕೆಳಗೆ ಆ ಹುಡುಗಿ ಕ್ಷೇಮ ಎಂದುಕೊಂಡಳು. ಆ ಹಳೆಯ ಪೆಡಲು ಮೇಲಿನ ತಂತಿಗೆ ಏನು ಮಾಡುತ್ತದೆಂದು ಆಗ ನೆನಪಾಗಲಿಲ್ಲ ಎಂದೂ ಹೇಳುವಂತಿಲ್ಲ. ನೆನಪಾಗಿತ್ತು. ಎರಡು ಹಾಡಿಗೆ ಏನಾಗುತ್ತದೆ ಎಂದುಕೊಂಡಳು.

"ಎರಡೂ ನಂಗೇ ಇರ್ಲಿ" ಎಂದಳು.

ಮುಂದಿನ ಭಾನುವಾರ ರಕ್ಷಾಳಿಗೆ ತಿಳಿಸಿದಾಗ ಅವಳು ಖುಷಿಪಟ್ಟಳು. "ನೀವಿದ್ರೆ ನಂಗೆ ಧೈರ್ಯ ಅಕ್ಕ. ನಾನು ವಾ ಒಂದೇ ನೋಡ್ಕೊಂಡ್ರೆ ಸಾಕಲ್ಲ."

ನಾಲ್ಕು ವಾರ ವಿಶಾಲಾಕ್ಷಿ ಊಟದ ಕುರ್ಚಿಯ ಮೇಲೆ ಕೂತು ಅಭ್ಯಾಸ ಮಾಡಿದಳು. ರೇಣುಕಪ್ರಸಾದ್ ಅಡುಗೆಮನೆಗೂ ಹಜಾರಕ್ಕೂ ಓಡಾಡುವಾಗ, "ಹೊಲಿಗೆ ಮಿಷನ್ ತುಳ್ದಂಗೆ ಕಾಣ್ತೀಯ ಮಾರಾಯ್ತಿ, ನಂದೊಂದು ಪೈಜಾಮ ಇದೆ" ಎನ್ನುತ್ತಿದ್ದ. ಮೊದಲಾದರೆ ಅಷ್ಟು ಮಾತಿಗೇ ಎದ್ದುಬಿಡುತ್ತಿದ್ದಳು. ಈಗ ಕಾಲಿನ ಬೆರಳನ್ನು ಇನ್ನಷ್ಟು ಒತ್ತುತ್ತಿದ್ದಳು. ಅವನ ಮಾತು ಮುಳುಗಿಹೋಗುತ್ತಿತ್ತು.

ಕೊಯ್ಲು ಮುಗಿದು ಎಸ್ಟೇಟಿನ ಕಾಫಿ ಕಣ ಖಾಲಿಯಾಗಿತ್ತು. ಸಿಮೆಂಟಿನ ಆ ಬಯಲಿಗೇ ಶಾಮಿಯಾನ ಹಾಕಿ ಇನ್ನೂರು ಕುರ್ಚಿ ಇಟ್ಟಿದ್ದರು. ನಾಲ್ಕು ಗಂಟೆಗೆ ವಿಶಾಲಾಕ್ಷಿ ಕುರ್ಚಿಯ ಮೇಲೆ ಕೂತಳು. ಎಡಗಾಲಿನ ಕೆಳಗೆ ಅವಳ ಪೆಡಲು, ಬಲಗಾಲಿನ ಹತ್ತಿರ ರಕ್ಷಾಳದ್ದು. ಹಿಂದೆ ರಿದಮ್ ಪ್ಯಾಡಿನ ಯೋಗೇಶ್, ಪಕ್ಕದಲ್ಲಿ ಕೀಬೋರ್ಡಿನ ಗಂಡ. ರಕ್ಷಾ ವೇದಿಕೆಯ ಕೆಳಗೆ ಕಾಯುತ್ತಿದ್ದಳು.

ವಿಶಾಲಾಕ್ಷಿ ನುಡಿಸಿದಳು. ತನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ನುಡಿಸಿದಳು. ಸ್ವರ ಎಲ್ಲಿ ಏರಬೇಕೆಂದುಕೊಂಡಳೋ ಅಲ್ಲಿ ಏರಿತು, ಎಲ್ಲಿ ಉಸಿರಿನಷ್ಟು ಸಣ್ಣಗಾಗಬೇಕೋ ಅಲ್ಲಿ ಸಣ್ಣಗಾಯಿತು. ಹತ್ತು ನಿಮಿಷವಾದ ಮೇಲೆ ಕಣ್ಣೆತ್ತಿ ನೋಡಿದಳು. ಮುಂದಿನ ಸಾಲಿನಲ್ಲಿ ಇಬ್ಬರು ಪ್ಲಾಂಟರುಗಳು ಈ ಸಲದ ರೋಬಸ್ಟಾ ಕಾಫಿಯ ದರ ಮಾತಾಡುತ್ತಿದ್ದರು. ಹಿಂದೆ ಪಕೋಡದ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಸಣ್ಣಗೆ ನುಡಿಸಿದ ಕಡೆಯಲ್ಲೆಲ್ಲ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳನ್ನು ಕರೆಸಿದ ಗೌಡರ ಹೆಂಡತಿಗೆಂದು ನಡುವೆ ಇಟ್ಟ ಸೋಫಾ ಖಾಲಿ. ಯಾರೋ ಮಂತ್ರಿಯ ಕಡೆಯವರು ಬಂದಿದ್ದರಿಂದ ಅವರು ಬಂಗಲೆಯೊಳಗಿದ್ದರು. ಜೋರು ಮಾಡಿದಳು. ಪ್ಲಾಂಟರುಗಳೂ ಮಾತನ್ನು ಅಷ್ಟೇ ಜೋರು ಮಾಡಿದರು.

ಅಷ್ಟು ವರ್ಷ ಅವಳು ಒಂದನ್ನು ನಂಬಿಕೊಂಡು ಬಂದಿದ್ದಳು: ತಡೆದವನು ಒಬ್ಬನೇ, ಅವನ ಕಾಲು ತೆಗೆದರೆ ಆಚೆ ಜನ ಕಿವಿಗೊಟ್ಟು ಕೂತಿದ್ದಾರೆ ಎಂದು. ಅರ್ಧ ಗಂಟೆ ಮುಗಿಯಿತು. ಚಪ್ಪಾಳೆ ಬಂತು, ಮುಗಿದದ್ದಕ್ಕೆ ಬರುವ ಚಪ್ಪಾಳೆ.

ರಕ್ಷಾ ಹತ್ತಿ ಬಂದು ವಾ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎಲ್ಲರಿಗೂ ಗೊತ್ತಿರುವ ಒಂದು ಸಿನಿಮಾ ಹಾಡು ಎತ್ತಿಕೊಂಡಳು. ಮೊದಲ ವಾವ್ ಎಂಬುದಕ್ಕೇ ಮಕ್ಕಳು ತಿರುಗಿದರು. ಎರಡನೆಯದಕ್ಕೆ ಒಂದು ಮಗು ಅದರಂತೆಯೇ ಅತ್ತು ತೋರಿಸಿತು, ಜನ ನಕ್ಕರು, ನಕ್ಕವರು ಸುಮ್ಮನಾಗಿ ಕೇಳತೊಡಗಿದರು. ರೋಬಸ್ಟಾ ದರ ನಿಂತಿತು. ಗೌಡರ ಹೆಂಡತಿ ಬಂಗಲೆಯ ಮೆಟ್ಟಿಲಿಗೆ ಬಂದು, ಕೈಯಲ್ಲಿ ಲೋಟ ಹಿಡಿದೇ, ಇದೇ ನಾನು ಹೇಳಿದ್ದು ಎಂಬಂತೆ ಪಕ್ಕದವರಿಗೆ ವೇದಿಕೆ ತೋರಿಸಿದರು. ಅವರು ಕೇಳಿ ಮೆಚ್ಚಿದ್ದ ಮ್ಯಾಂಡೊಲಿನ್ ಇದೇ ಎಂದುಕೊಂಡಿದ್ದರು.

ವಿಶಾಲಾಕ್ಷಿ ಬಲಗಾಲಿನ ಹಿಮ್ಮಡಿ ಒತ್ತಿದಳು.

ಒಮ್ಮೆಲೇ ಅಲ್ಲ. ಹಾಗೆ ಮಾಡಿದರೆ ಕೇಬಲ್ ಕಿತ್ತುಬಂತೆಂದು ಎಲ್ಲರೂ ನೋಡುತ್ತಾರೆ. ಸಾಲಿಗೊಂದು ಕೂದಲೆಳೆಯಷ್ಟು. ಹೇಗೆ ಮಾಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ರಕ್ಷಾ ಎರಡನೆಯ ಚರಣದಲ್ಲಿ ಒಮ್ಮೆ ಆಂಪ್ಲಿಫೈಯರಿನ ಕಡೆ ನೋಡಿದಳು. ಮೂರನೆಯದರಲ್ಲಿ ಮಣಿಕಟ್ಟಿನಿಂದ ಜೋರಾಗಿ ಹೊಡೆಯತೊಡಗಿದಳು. ಈಗ ಹೆಬ್ಬೆರಳ ಬುಡದಿಂದ ಮೊಣಕೈಯವರೆಗೆ ನೋವು ಏರುತ್ತದೆ, ಈಗ ಕಿವಿ ಬಿಸಿಯಾಗುತ್ತದೆ, ತಪ್ಪು ತನ್ನದೇ ಎಂದು ಈಗ ಅನ್ನಿಸುತ್ತದೆ ಎಂದು ವಿಶಾಲಾಕ್ಷಿ ನೋಡುತ್ತ ಕೂತಳು. ಪುಸ್ತಕದಲ್ಲಿ ಓದಿದ ಊರನ್ನು ಬೇರೊಬ್ಬರು ಸುತ್ತುವುದನ್ನಲ್ಲ, ತಾನೇ ಹುಟ್ಟಿ ಬೆಳೆದ ಬೀದಿಯಲ್ಲಿ ಅವರು ನಡೆಯುವುದನ್ನು ನೋಡಿದಂತಿತ್ತು.

"ಅಕ್ಕ, ರಕ್ಷಾಂದು ಕೇಳ್ತಾ ಇಲ್ಲ" ಎಂದು ಹಿಂದಿನಿಂದ ಯೋಗೇಶ್ ಪಿಸುಗುಟ್ಟಿದ.

"ಅವಳ ಕೈಯೇ ಮೆತ್ತಗೆ" ಎಂದಳು ವಿಶಾಲಾಕ್ಷಿ, ತಿರುಗದೆ.

ಅದೇ ಹೊತ್ತಿಗೆ ರೇಣುಕಪ್ರಸಾದ್ ಕೀಬೋರ್ಡಿನಿಂದ ಕಣ್ಣೆತ್ತಿ ಅವಳ ಬಲಗಾಲನ್ನೂ ಆಮೇಲೆ ಅವಳ ಮುಖವನ್ನೂ ನೋಡಿದ. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವನು ಹಾಗೆ ನೋಡಿದ್ದೇ ಇಲ್ಲ. ಒಂದೇ ಕೆಲಸ ತಿಳಿದ ಇಬ್ಬರು ಸಂತೆಯಲ್ಲಿ ಎದುರಾದಾಗ ನೋಡುವ ನೋಟ. ಸಣ್ಣಗೆ ತಲೆಯಾಡಿಸಿ, ರಕ್ಷಾಳ ಭಾಗವನ್ನು ಕೀಬೋರ್ಡಿನಲ್ಲಿ ತುಂಬಿಕೊಂಡ. ವಿಶಾಲಾಕ್ಷಿಗೆ ಅಸಹ್ಯವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಕಾಲಿನ ಬೆರಳಿಗೆ ಭಾರ ಬಿಟ್ಟು ಹುಡುಗಿಗೆ ಎರಡು ಸಾಲು ಹಿಂತಿರುಗಿ ಕೊಟ್ಟಳು. ರಕ್ಷಾಳ ಮುಖ ಅರಳಿತು. ಆ ಅರಳಿದ್ದನ್ನು ನೋಡಿ ಮತ್ತೆ ಹಿಮ್ಮಡಿ ಒತ್ತಿದಳು. ಎರಡನೆಯ ಸಲ ಸುಲಭವಾಗಿತ್ತು.

ಎರಡನೆಯ ಹಾಡಿನ ನಡುವೆ ರಕ್ಷಾಳ ಮೇಲಿನ ತಂತಿ ಹರಿದು ಬೆರಳಿಗೆ ಗೀರಿತು. ಜನ ಅಷ್ಟರಲ್ಲಿ ಕಾಫಿಗೆ ಎದ್ದಿದ್ದರು.

ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆಗೆ ಒರಗಿ ರಕ್ಷಾ ಬೆರಳು ಚೀಪುತ್ತ ನಿಂತಿದ್ದಳು. ವಿಶಾಲಾಕ್ಷಿ ಕರವಸ್ತ್ರ ಸುತ್ತಿ ಕಟ್ಟಿದಳು.

"ಇವತ್ತು ನನ್ನ ಕೈಯೇ ಸರಿ ಇರ್ಲಿಲ್ಲ ಅಕ್ಕ. ಎಷ್ಟು ಹೊಡೆದ್ರೂ ಬರ್ತಿರ್ಲಿಲ್ಲ."

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ಹುಡುಗಿ ಬೈಯುತ್ತಿದ್ದಳು, ಅಳುತ್ತಿದ್ದಳು, ಬಹುಶಃ ಮುಂದಿನ ಭಾನುವಾರ ಬರುತ್ತಿರಲಿಲ್ಲ. ವಿಶಾಲಾಕ್ಷಿ ಗಂಟು ಬಿಗಿ ಮಾಡಿದಳು.

"ಕೈಯಲ್ಲಿ ಹೊಳಪು ಬರ್ಬೇಕು. ಅದು 'ವಾ' ಹಾಕಿದ್ರೆ ಬರೂದಿಲ್ಲ" ಎಂದಳು. "ಇನ್ನೊಂದೆರಡು ವರ್ಷ ಸಾಧನೆ ಮಾಡು."

ರಕ್ಷಾ ತಲೆಯಾಡಿಸಿದಳು. ನಂಬಿದಳು.

ಹೊತ್ತು ಮುಳುಗುವಷ್ಟರಲ್ಲಿ ಓಮ್ನಿ ಘಟ್ಟ ಇಳಿಯುತ್ತಿತ್ತು. ರಕ್ಷಾ ಹಿಂದಿನ ಸೀಟಿನಲ್ಲಿ ಸ್ಪೀಕರಿನ ಪೆಟ್ಟಿಗೆಗೆ ತಲೆ ಆನಿಸಿ ಕೂತಿದ್ದಳು. ವಿಶಾಲಾಕ್ಷಿ ಮುಂದೆ, ಗಂಡನ ಪಕ್ಕದಲ್ಲಿ.

"ಮಾರ್ಚಲ್ಲಿ ಹೊರನಾಡಿನ ಹತ್ರ ಒಂದು ರಿಸೆಪ್ಷನ್ ಇದೆ" ಎಂದ ರೇಣುಕಪ್ರಸಾದ್ ದನಿ ತಗ್ಗಿಸಿ. "ಇವಳನ್ನ ಕರೆಯೂದಾ, ಬೇಡವಾ? ನೀನು ಹೇಳ್ದಂಗೆ."

ಯಾವ ವಿಷಯದಲ್ಲೂ ಅವನು ಹಾಗೆ ಕೇಳಿದವನಲ್ಲ. ಬೇಡ ಎಂದರೆ ಹುಡುಗಿ ಪಾರಾಗುತ್ತಾಳೆ, ಬೇರೆ ಯಾರದೋ ಆರ್ಕೆಸ್ಟ್ರಾ ಸೇರಿ ಒಂದು ದಿನ ತನ್ನ ಕೈಯಲ್ಲಿ ತಪ್ಪಿರಲಿಲ್ಲವೆಂದು ಕಂಡುಕೊಳ್ಳುತ್ತಾಳೆ. ಅಷ್ಟು ವಿಶಾಲಾಕ್ಷಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಕರೀರಿ" ಎಂದಳು. "ಅವಳು ಬೇಕು."

"ವಾಲ್ಯೂಮು?"

"ನನ್ನ ಹತ್ರಾನೇ ಇರ್ಲಿ."

ಹಿಂದಿನಿಂದ ರಕ್ಷಾ ತಲೆಯೆತ್ತಿದಳು. "ಏನಕ್ಕ, ಕರೆದ್ರಾ?"

"ಏನಿಲ್ಲ, ಮಲಕ್ಕೊ. ಮೂಡಿಗೆರೆ ಬಂದಾಗ ಎಬ್ಬಿಸ್ತೀನಿ."